ತಿದಿ ಇಲ್ಲದ ಪೇಟಿ

ನಮ್ಮ ಮನೆಯ ಪೇಟಿಯ ಹಿಂಬದಿಯಲ್ಲಿ, ಗಾಳಿ ಒತ್ತುವ ತಿದಿಯ ಮೇಲಂಚಿನ ಮರದ ಮೇಲೆ, ಅಂಗೈಯಗಲದ ಜಾಗವೊಂದು ಪಾಲಿಶ್ ಕಳೆದುಕೊಂಡು ಬೋಳಾಗಿದೆ. ಪೇಟಿ ಎಂದರೆ ಹಾರ್ಮೋನಿಯಂ; ವಿಜಯಪುರದ ಕಡೆ ನಾವು ಹಾಗೆಯೇ ಅನ್ನುವುದು, ಮುಂಬಯಿಯ ಮಲಾಡಿಗೆ ಬಂದು ತಲೆ ನರೆತರೂ ನನ್ನ ಬಾಯಿಗೆ ಬೇರೆ ಹೆಸರು ಹತ್ತಲಿಲ್ಲ. ಆ ಬೋಳು ಜಾಗ ನನ್ನ ಎಡಗೈಯ ಕರಾಮತ್ತು. ಪೇಟಿಯ ಮುಂದೆ ಕೂತವನ ಬಲಗೈಯನ್ನು ಎಲ್ಲರೂ ನೋಡುತ್ತಾರೆ, ಬೆರಳು ಓಡಿದ ಹಾಗೆಲ್ಲ ತಲೆದೂಗುತ್ತಾರೆ. ಹಿಂದೆ ಕೂತು ಗಾಳಿ ಒತ್ತುತ್ತ, ಆ ಬೆರಳುಗಳಿಗೆಲ್ಲ ಉಸಿರು ಒದಗಿಸುವ ಎಡಗೈಯನ್ನು ಯಾರೂ ನೋಡುವುದಿಲ್ಲ. ನೀವಾದರೂ ಎಂದಾದರೂ ನೋಡಿದ್ದೀರಾ? ನಿಮ್ಮನ್ನು ಯಾಕೆ ಅನ್ನಲಿ, ಸ್ವತಃ ನಾನೇ ನೋಡಿರಲಿಲ್ಲ, ಅದು ಕೆಲಸ ನಿಲ್ಲಿಸುವ ತನಕ.

ಲಕ್ವಾ ಸಣ್ಣದು ಅಂದರು ಡಾಕ್ಟರು. ಸಣ್ಣದು ದೊಡ್ಡದು ಅನ್ನುವುದು ಹೊಡೆಸಿಕೊಂಡವನಿಗೆ ಬಿಟ್ಟ ಮಾತು. ಮಾತು ಉಳಿಯಿತು, ಕಾಲು ಉಳಿಯಿತು, ಎಡಗೈ ಮಾತ್ರ ಮಾವನ ಮನೆಗೆ ಬಂದ ಅಳಿಯನಂತೆ ಮಡಿಲಲ್ಲಿ ಸುಮ್ಮನೆ ಕೂತುಬಿಟ್ಟಿತು. ಬಂದರೂ ಬರಬಹುದು, ವ್ಯಾಯಾಮ ಬಿಡಬೇಡಿ ಅಂದರು. ಈ 'ಬಂದರೂ ಬರಬಹುದು' ಇದೆಯಲ್ಲ, ಅದರಷ್ಟು ಹಿಂಸೆಯ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಬರುವುದಿಲ್ಲ ಅಂದಿದ್ದರೆ ಒಂದು ಸಲ ಅತ್ತು ಮುಗಿಸುತ್ತಿದ್ದೆ. ಈಗ ದಿನಾ ಬೆಳಿಗ್ಗೆ ಎದ್ದು ಅದರ ಮುಖ ನೋಡುವುದಾಯಿತು.

ನೋಡಬೇಕಾದದ್ದಕ್ಕೆ ಕಾರಣ ನಮ್ಮ ಶನಿವಾರದ ಭಜನಾ ಮಂಡಳಿ. ಮಲಾಡ್, ಅಂಧೇರಿಯ ಸುತ್ತಲಿನ ಕನ್ನಡದವರು ವಾರಕ್ಕೊಬ್ಬರ ಮನೆಯಲ್ಲಿ ಸೇರುತ್ತೇವೆ, ಮೊದಲಿನಿಂದಲೂ ಪೇಟಿ ನನ್ನದು, ದನಿ ವತ್ಸಲಕ್ಕನದು. ಉಡುಪಿ ಕಡೆಯವರು, ಯಜಮಾನರದು ಅಂಧೇರಿಯಲ್ಲಿ ಹೋಟೆಲು. ಅವರ ಶ್ರುತಿ ಕರಿ ನಾಲ್ಕು, ಅಂದರೆ ಪೇಟಿಯಲ್ಲಿ ಬೆರಳು ಒತ್ತುವ ಮನೆಗಳ ಪೈಕಿ ನಾಲ್ಕನೆಯ ಕರಿಯದನ್ನು ಷಡ್ಜವಾಗಿಟ್ಟು ಹಾಡುತ್ತಾರೆ. ಹಾಡುವವರಿಗೆ ಶ್ರುತಿ ಎಂದರೆ ಮನೆತನದ ಹೆಸರಿದ್ದಂತೆ. ವಯಸ್ಸಾಯಿತು, ಒಂದೆರಡು ಮನೆ ಇಳಿಸಿಕೊಳ್ಳಿ ಎಂದು ಎದುರಿಗೆ ಯಾರೂ ಹೇಳುವುದಿಲ್ಲ. ಈಚೆಗೆ ಚರಣದಲ್ಲಿ ಮೇಲಿನ ಷಡ್ಜ ಬಂದಾಗ ವತ್ಸಲಕ್ಕನ ಕುತ್ತಿಗೆಯ ನರ ಉಬ್ಬುತ್ತಿತ್ತು, ದನಿ ಒಡೆಯುತ್ತಿತ್ತು. ಒಡೆಯುವ ಆ ಗಳಿಗೆಗೆ ಸರಿಯಾಗಿ ನಾನು ತಿದಿಯನ್ನು ಜೋರಾಗಿ ಒತ್ತುತ್ತಿದ್ದೆ. ಪೇಟಿಯ ಸ್ವರ ಉಕ್ಕಿ ಬಂದು ಆ ಬಿರುಕನ್ನು ಮುಚ್ಚಿಬಿಡುತ್ತಿತ್ತು. ಯಾರಿಗೂ ಗೊತ್ತಾಗದ ಈ ಕೆಲಸ ನನ್ನ ಎಡಗೈಗೂ ನನಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಮೊದಲು ನನ್ನ ಹೆಂಡತಿ ಶಾಂತಾ ತಾನೇ ತಿದಿ ಒತ್ತುತ್ತೇನೆಂದು ಹೊರಟಳು. ಪೇಟಿಯ ಹಿಂದೆ ಕೂತು, ಸೆರಗು ಸಿಕ್ಕಿಸಿಕೊಂಡು, ಇದ್ದಿಲೊಲೆಗೆ ಗಾಳಿ ಹಾಕುವವಳ ಹಾಗೆ ಶುರು ಮಾಡಿದಳು ನೋಡಿ, ನಾನು ಮೆಲ್ಲಗೆ ಅಂದಾಗ ಪೇಟಿ ಕಿರುಚುತ್ತಿತ್ತು, ಜೋರು ಅಂದಾಗ ಅವಳಿಗೆ ಕೆಮ್ಮು ಬರುತ್ತಿತ್ತು. ಹಾಡು ಎಲ್ಲಿ ಉಸಿರು ಎಳೆಯುತ್ತದೆ ಎಂದು ಬಾಯಿಮಾತಲ್ಲಿ ಹೇಗೆ ಹೇಳುವುದು? ಸಿಟ್ಟು ಮಾಡಿಕೊಂಡೆ. ಅವಳೂ ಮಾಡಿಕೊಂಡಳು. ಇಷ್ಟು ವರ್ಷದ ಸಂಸಾರದಲ್ಲಿ ಒಬ್ಬರ ಉಸಿರು ಒಬ್ಬರಿಗೆ ತಿಳಿಯಲಿಲ್ಲವಲ್ಲ ಎಂದು ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ.

ಅಷ್ಟರಲ್ಲಿ ಮಂಡಳಿಯಿಂದ ಫೋನು ಬಂತು. ಮುಂದಿನ ಶನಿವಾರದ ಭಜನೆ ವತ್ಸಲಕ್ಕನ ಮನೆಯಲ್ಲೇ, ನಾನು ಬರುವ ಹಾಗಿದ್ದರೆ ಸರಿ, ಆಗದಿದ್ದರೆ ಬೇರೆಯವರನ್ನು ನೋಡಿದ್ದೇವೆ, ಅವರದು ಎಲೆಕ್ಟ್ರಾನಿಕ್ ಕೀಬೋರ್ಡು, ಒಂದೇ ಕೈ ಸಾಕಂತೆ, ನೀವೂ ಅಂಥದ್ದೊಂದು ತಗೊಳ್ಳಬಹುದಲ್ಲ ಎಂದು ಬಹಳ ನಯವಾಗಿ ಹೇಳಿದರು. ನಯವಾಗಿ ಹೇಳಿದ್ದೇ ಹೆಚ್ಚು ಚುಚ್ಚಿತು. ಆ ಬೇರೆಯವರು ಚೆನ್ನಾಗಿಯೇ ನುಡಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಸಲ ಅವರು ಕೂತ ಜಾಗದಲ್ಲಿ ಮತ್ತೆ ನಾನು ಹೋಗಿ ಕೂರುವುದುಂಟೇ? ನನ್ನ ವಾರದ ಏಳು ದಿನಗಳೂ ಆ ಒಂದು ಸಂಜೆಯ ಗೂಟಕ್ಕೆ ಕಟ್ಟಿಕೊಂಡಿದ್ದವು.

ಹೀಗೆ ಗುರುವಾರ ಮಧ್ಯಾಹ್ನ ಶಾಂತಾ ನನ್ನನ್ನು ಎಳೆದುಕೊಂಡು ಅಂಧೇರಿ ಸ್ಟೇಷನ್ನಿನ ಬಳಿಯ ವಾದ್ಯದ ಅಂಗಡಿಗೆ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯವನು, "ಅಂಕಲ್, ಬಚ್ಚೋಂ ಕೆ ಲಿಯೆ?" ಅಂದ. ಮಕ್ಕಳಿಗಾ ಎಂದು ಕೇಳಿದ್ದು. ಒಂದು ಪುಟಾಣಿ ಕೀಬೋರ್ಡು ತೋರಿಸಿದ, ಕಂಕುಳಲ್ಲಿ ಸಿಕ್ಕಿಸಿಕೊಂಡು ಲೋಕಲ್ ರೈಲು ಹತ್ತಬಹುದಾದಷ್ಟು ಹಗುರ, ಬೆಲೆಯೂ ಹಗುರ. ಆದರೆ ಅದರ ಮನೆಗಳು ಎಷ್ಟು ಸಪೂರವೆಂದರೆ ನನ್ನ ಒಂದು ಬೆರಳು ಇಟ್ಟರೆ ಎರಡು ಸ್ವರ ಕೂಗುತ್ತಿದ್ದವು. ಇನ್ನೊಂದು ಅರವತ್ತೊಂದು ಮನೆಯದು, ಪೂರ್ತಿ ಅಳತೆಯದು. ನಮ್ಮ ಭಜನೆಗೆ ಪೇಟಿಯಷ್ಟೇ ಮೂರು ಸಪ್ತಕ ಸಾಕು, ಉಳಿದವು ಬಾಡಿಗೆಗೆ ಕೊಡಲೇ ಎಂದು ಕೇಳಬೇಕೆನಿಸಿತು. ಮೂರನೆಯದು ಬೆರಳ ಭಾರ ಅರಿಯುವಂಥದು, ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವುದು. ಅದು ಪೆನ್ಶನ್ನಿಗೆ ನಿಲುಕುವಂತಿರಲಿಲ್ಲ. ನಿಲುಕಿದ್ದರೂ ಪ್ರಯೋಜನವಿರಲಿಲ್ಲ, ಯಾಕೆಂದರೆ ಒಮ್ಮೆ ಒತ್ತಿಹಿಡಿದ ಸ್ವರವನ್ನು ನಡುವೆ ಉಕ್ಕಿಸುವುದು ಅದಕ್ಕೂ ಬರುತ್ತಿರಲಿಲ್ಲ. ಅರವತ್ತೊಂದು ಮನೆಯದರಲ್ಲಿ ಹಾರ್ಮೋನಿಯಮ್ಮಿನ ದನಿಯಿತ್ತು, ಒಂದು ಕೋಣೆಗೆ ಸಾಕಾಗುವ ಸ್ಪೀಕರು ಅದರಲ್ಲೇ ಇತ್ತು. ಎಡತುದಿಯ ಎರಡು ಗುಂಡಿ ತೋರಿಸಿ, ಇವನ್ನು ಒತ್ತಿದರೆ ಇಡೀ ಸಾಲಿನ ಶ್ರುತಿಯೇ ಏರುತ್ತದೆ ಇಳಿಯುತ್ತದೆ, ಬೆರಳು ಇದ್ದಲ್ಲೇ ಇರಬಹುದು ಅಂದ. ಯಾವ ಮನೆಯಿಂದ ಬೇಕಾದರೂ ನುಡಿಸುವ ನನಗೆ ಅದು ಕಳ್ಳದಾರಿ ಅನಿಸಿ ಆ ಕಡೆ ನೋಡಲೂ ಇಲ್ಲ.

ಸಣ್ಣದೋ ದೊಡ್ಡದೋ ಎಂದು ನಾನು ತೂಗುತ್ತಿದ್ದೆ. ಅಂಗಡಿಯವನಿಗೆ ಬೇಸರ ಬಂದಿರಬೇಕು, ಎಷ್ಟು ದಿನಕ್ಕೆ ಬೇಕು, ಸ್ವಲ್ಪ ದಿನಕ್ಕಾದರೆ ಸಣ್ಣದೇ ಒಯ್ಯಿರಿ ಅಂದ. ನೋಡಿ, ಇಡೀ ಮುಂಬಯಿಯಲ್ಲಿ ನನ್ನನ್ನು ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಅವನು ಚಿಲ್ಲರೆ ಕೇಳಿದಷ್ಟು ಸಲೀಸಾಗಿ ಕೇಳಿಬಿಟ್ಟ. ನಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು ಎನ್ನುತ್ತಾರಲ್ಲ, ಅಗತ್ಯ ಯಾವುದು ಎಂದು ಒಪ್ಪಿಕೊಳ್ಳುವುದೇ ಕಷ್ಟದ ಕೆಲಸ. ಕೈ ಬರುವ ತನಕ ಎಂದರೆ ಸಣ್ಣದು. ಇನ್ನು ಬರುವುದಿಲ್ಲ ಎಂದರೆ ದೊಡ್ಡದು. ಸಣ್ಣದೇ ಇರಲಿ ಎನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಶಾಂತಾ ತನ್ನ ವಿಜಯಪುರದ ಹಿಂದಿಯಲ್ಲಿ, "ಹಮೇಶಾ ಕೆ ಲಿಯೆ" ಅಂದಳು, ಯಾವತ್ತಿಗೂ ಬೇಕು ಎಂದು.

ಅಂಧೇರಿಯಿಂದ ಮಲಾಡಿನ ತನಕ ನಾನು ಅವಳಿಗೆ ಬೆನ್ನು ಹಾಕಿ ನಿಂತೆ. ಉದ್ದನೆಯ ಡಬ್ಬಿಯನ್ನು ಅವಳೇ ಹೊತ್ತಳು, ರೈಲಿನ ಬಾಗಿಲಲ್ಲಿ ನಿಂತವರ ಬೈಗುಳವನ್ನೂ ಅವಳೇ ತಿಂದಳು. ನನಗಾದರೋ ಮೈಯೆಲ್ಲ ಉರಿ. ಡಾಕ್ಟರೂ ಹೇಳದ ಮಾತನ್ನು ಇವಳು ಅಂಗಡಿಯವನ ಮುಂದೆ ಹೇಳಿಬಿಟ್ಟಳಲ್ಲ, ಹಾಗಾದರೆ ಇಷ್ಟು ದಿನ ನನ್ನ ಕೈಗೆ ಎಣ್ಣೆ ತಿಕ್ಕಿದ್ದು ಸುಳ್ಳೇ? ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿಯೇ ಬಿಟ್ಟೆ. ಅವಳು ಡಬ್ಬಿ ಗೋಡೆಗಾನಿಸಿ, ಉಸಿರು ತಗೊಂಡು ಅಂದಳು:

"ಕೈ ಬಂದ್ರ ಬರ್ಲಿ, ನಾ ಏನ್ ಬ್ಯಾಡ ಅಂತೀನೇನ್ರಿ? ಅದು ಬರೂತನಕಾ ನೀವು ಹಿಂಗ ಗ್ವಾಡಿ ನೋಡ್ಕೋತ ಕೂಡೂದು ನನಗ ನೋಡ್ಲಿಕ್ಕಾಗೂದಿಲ್ಲ."

ಸಿಟ್ಟು ಇನ್ನೂ ಇತ್ತು, ಅದನ್ನೇ ಇಟ್ಟುಕೊಂಡು ಕೀಬೋರ್ಡಿನ ಮುಂದೆ ಕೂತೆ. ಬೆರಳು ಓಡಿದವು. ದನಿ ಪೇಟಿಯದೇ, ಸಂದೇಹವಿಲ್ಲ, ಆದರೆ ಪೇಟಿ ಉಸಿರಾಡುತ್ತದೆ, ಇದು ಉಸಿರಾಡುವುದಿಲ್ಲ. ಸ್ವರ ಹುಟ್ಟಿದ ಗಾತ್ರದಲ್ಲೇ ಕೊನೆಯ ತನಕ ನಿಂತಿರುತ್ತದೆ, ಸರ್ಕಾರಿ ಆಫೀಸಿನ ಟ್ಯೂಬ್‌ಲೈಟಿನ ಹಾಗೆ. ಆಗ ನನಗೆ ವತ್ಸಲಕ್ಕನ ಮೇಲಿನ ಷಡ್ಜ ನೆನಪಾಯಿತು. ಅಲ್ಲಿ ಅವರ ದನಿ ಒಡೆದಾಗ ಮುಚ್ಚಲು ಇದರಲ್ಲಿ ತಿದಿಯೆಲ್ಲಿದೆ? ಸ್ವರ ಒತ್ತಿಹಿಡಿದ ಬೆರಳನ್ನು ಬಿಟ್ಟು ಸದ್ದು ಹೆಚ್ಚಿಸುವ ಗುಂಡಿ ಒತ್ತುವಂತಿಲ್ಲ, ಮೊದಲಿನಿಂದಲೇ ಜೋರಾಗಿಟ್ಟರೆ ಇಡೀ ಹಾಡು ಮುಳುಗುತ್ತದೆ. ಅವರ ಸ್ವಂತ ಮನೆಯಲ್ಲಿ, ಬೀಗರು ನೆಂಟರ ಮುಂದೆ, ಆ ಬಿರುಕು ಬಟಾಬಯಲಾಗುತ್ತದೆ, ಮತ್ತು ಪಕ್ಕದಲ್ಲಿ ನಾನು ಒಂದೇ ಕೈಯವನಾಗಿ ನೋಡುತ್ತ ಕೂರುತ್ತೇನೆ. ಹೋಗದೆ ಉಳಿದರೂ ಅಷ್ಟೇ, ಅಲ್ಲಿಗೆ ಬರುವುದು ಇಂಥದೇ ಇನ್ನೊಂದು ಕೀಬೋರ್ಡು. ಶುಕ್ರವಾರವಿಡೀ ಊಟ ರುಚಿಸಲಿಲ್ಲ.

ಶನಿವಾರ ವತ್ಸಲಕ್ಕನ ಮನೆಯ ಪಡಸಾಲೆ ಜನರಿಂದ ತುಂಬಿತ್ತು. ಶಾಂತಾ ಕೀಬೋರ್ಡನ್ನು ಕಾಲುಮಣೆಯ ಮೇಲಿಟ್ಟು, ವೈರು ಸಿಕ್ಕಿಸಿ, ಹೆಂಗಸರ ಸಾಲಿನಲ್ಲಿ ಹೋಗಿ ಕೂತಳು. ಎಡಗೈ ಜೋತು ಬೀಳದಿರಲಿ ಎಂದು ಅದನ್ನು ಎತ್ತಿ ಕೀಬೋರ್ಡಿನ ಎಡತುದಿಯ ಮೇಲಿಟ್ಟೆ. ಬಲಗೈಯಿಂದ ಹಾರ್ಮೋನಿಯಮ್ಮಿನ ದನಿ ಆರಿಸುವಾಗ ಕೀಬೋರ್ಡು ಒಂದಿಷ್ಟು ಜಾರಿತು, ಎಡಗೈ ತನ್ನ ಭಾರಕ್ಕೆ ತಾನೇ ಕುಸಿಯಿತು, ಸರಿಪಡಿಸಿಕೊಂಡೆ. "ಕರಿ ನಾಲ್ಕು ಕೊಡಿ" ಅಂದರು ವತ್ಸಲಕ್ಕ, ಎಂದಿನ ಹಾಗೆ. ಕೊಟ್ಟೆ. ದನಿ ಏನೋ ಮಂಕಾಗಿದೆ ಅನಿಸಿತು, ಯಂತ್ರದ ಹಣೆಬರಹವೇ ಇಷ್ಟಿರಬೇಕು ಎಂದು ಸುಮ್ಮನಾದೆ.

ಪಲ್ಲವಿ ಮುಗಿಯಿತು. ಚರಣ ಬಂತು. ವತ್ಸಲಕ್ಕ ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿದರು, ಮಂಡಳಿಯ ಹೆಂಗಸರು ಆ ಜಾಗ ಬಂದಾಗ ಎಂದಿನಂತೆ ತಮ್ಮ ಕೈಯ ತಾಳದ ಕಡೆ ನೋಡತೊಡಗಿದರು, ನಾನು ಮೇಲಿನ ಷಡ್ಜ ಒತ್ತಿ ಉಸಿರು ಹಿಡಿದೆ. ದನಿ ಹತ್ತಿತು. ಹತ್ತಿ, ಅಲ್ಲಿ ಕಾಲು ಚಾಚಿ ಕೂತಿತು. ನರ ಉಬ್ಬಲಿಲ್ಲ, ಬಿರುಕಿಲ್ಲ, ಇನ್ನೊಂದು ಸುತ್ತು ಹಾಕಿ ನಿಧಾನವಾಗಿ ಇಳಿದು ಬಂತು. ಹೆಂಗಸರೆಲ್ಲ ಒಮ್ಮೆಲೇ ತಲೆಯೆತ್ತಿದರು. ನನ್ನ ಕಣ್ಣು ಆಗ ಕೀಬೋರ್ಡಿನ ಪುಟ್ಟ ಪರದೆಯ ಮೇಲೆ ಬಿತ್ತು. ಅಲ್ಲಿ ಶ್ರುತಿಯ ಜಾಗದಲ್ಲಿ ಒಂದು ಗೆರೆ, ಮುಂದೆ ಎರಡು. ಎಡಗೈ ಕುಸಿದಾಗ ಆ ಕಳ್ಳದಾರಿಯ ಗುಂಡಿ ಒತ್ತಿಕೊಂಡು ಇಡೀ ಸಾಲು, ನಡುವಿನ ಬಿಳಿ ಮನೆಯೂ ಸೇರಿ, ಎರಡು ಮನೆ ಇಳಿದಿತ್ತು. ನನ್ನ ಬೆರಳು ಕರಿ ನಾಲ್ಕರಲ್ಲಿ, ಹಾಡು ಕರಿ ಮೂರರಲ್ಲಿ.

ಸರಿಪಡಿಸಲು ಒಂದು ಗಳಿಗೆ ಸಾಕಿತ್ತು. ಶ್ರುತಿ ತಪ್ಪಿಸಿದ ಪೇಟಿಯವನು ಎಂಬ ಮಾತು ನನ್ನ ಕಡೆಯವರಲ್ಲಿ ಬೈಗುಳಕ್ಕೆ ಸಮ. ಆದರೆ ವತ್ಸಲಕ್ಕನ ಮುಖ ನೋಡಿದೆ; ಆ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಗುಂಡಿ ಮುಟ್ಟಲಿಲ್ಲ. ಮಂಗಳಾರತಿಯ ತನಕ ಹಾಗೆಯೇ ನುಡಿಸಿದೆ.

ಪ್ರಸಾದ ಕೊಡುವಾಗ ವತ್ಸಲಕ್ಕ ನನ್ನ ಮುಂದೆ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಅಂದರು: "ಇಷ್ಟು ವರ್ಷ ಮೇಲಿನ ಜಾಗ ಬಂದಾಗ ನೀವು ಗಾಳಿ ಜೋರು ಮಾಡ್ತಿದ್ರಿ. ನಿಮ್ಮ ಎಡಗೈ ನೋಡಿಯೇ ನಾನು ಮೇಲೆ ಹೋಗುದು ಮಾರಾಯ್ರೆ. ಇವತ್ತು ಏನು ಮಾಡಿದ್ರಿ ಅಂತ ಕೇಳುದಿಲ್ಲ. ಮುಂದಿನ ವಾರ ಸಹ ಹೀಗೆಯೇ ಇರಲಿ."

ಯಾರೂ ನೋಡುವುದಿಲ್ಲ ಎಂದೆನಲ್ಲ ನಿಮಗೆ, ಅದನ್ನು ಹಿಂದಕ್ಕೆ ತಗೊಳ್ಳುತ್ತೇನೆ.

ಈಗ ಕೈ ಬಂದಿದೆಯೇ ಎಂದು ಕೇಳಬೇಡಿ. ಬಂದರೂ ಬರಬಹುದು. ಪೇಟಿ ತನ್ನ ಬೋಳು ಜಾಗದ ಸಮೇತ ಕಪಾಟಿನ ಮೇಲಿದೆ, ಶಾಂತಾ ವಾರಕ್ಕೊಮ್ಮೆ ಒರೆಸುತ್ತಾಳೆ. ಈ ಕೀಬೋರ್ಡು ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಇಳಿಸಿದ್ದೆಲ್ಲ ಮರೆತು ಮತ್ತೆ ಸೊನ್ನೆಗೆ ಬಂದು ನಿಲ್ಲುವ ಜಾತಿಯದು, ಆದ್ದರಿಂದ ಪ್ರತಿ ಶನಿವಾರ ಹೊಸದಾಗಿ ಇಳಿಸಬೇಕು. ಬಲಗೈಯಿಂದ ಚಿಟಿಕೆ ಹೊಡೆದಷ್ಟರಲ್ಲಿ ಆಗುವ ಕೆಲಸ. ನಾನು ಹಾಗೆ ಮಾಡುವುದಿಲ್ಲ. ಎಡಗೈಯನ್ನು ಎತ್ತಿ ಆ ತುದಿಯ ಮೇಲಿಟ್ಟು, ಅದರ ತೋರುಬೆರಳನ್ನು ಗುಂಡಿಯ ಮೇಲೆ ಕೂರಿಸಿ, ಒತ್ತು ಎಂದು ಮನಸ್ಸಿನಲ್ಲೇ ಹೇಳಿ ಕಾಯುತ್ತೇನೆ. ಬೆರಳು ನಡುಗುತ್ತದೆ, ಜಾರುತ್ತದೆ, ಮತ್ತೆ ಕೂರಿಸುತ್ತೇನೆ. ಗುಂಡಿಯ ಮೇಲಿನ ಬಿಳಿ ಗುರುತು ಮಾಸತೊಡಗಿದೆ. ಕಳೆದ ಶನಿವಾರ ಬಹಳ ಹೊತ್ತು ಹಿಡಿಯಿತು, ಕೂತ ಜನ ಮಿಸುಕಾಡಿದರು, ಯಾರೋ ಕೆಮ್ಮಿದರು. ವತ್ಸಲಕ್ಕ ತಾಳ ಹಿಡಿದು, ನನ್ನ ಎಡಗೈಯನ್ನೇ ನೋಡುತ್ತ, ಅದು ಮುಗಿಸುವ ತನಕ ಕಾದರು.