ಜಾಡಿಗಿಳಿಯದ ಹಾವುರಾಣಿ

ಇವತ್ತು ಅಂಗಳ ಗುಡಿಸಿದೆ, ಕಿಟಕಿಗೆ ಮೆತ್ತಿದ್ದ ಅದಿರು ಲಾರಿಗಳ ಕೆಂಧೂಳು ಒರೆಸಿದೆ, ಜೋಳ ಹಸನು ಮಾಡಿದೆ, ಮಾವಿನಕಾಯಿ ಹೆಚ್ಚಿ ಉಪ್ಪಿನಕಾಯಿ ಹಾಕಿ ಜಾಡಿಗೆ ಬಟ್ಟೆ ಕಟ್ಟಿದೆ. ಬಚ್ಚಲ ಹಿಂದಿನ ಹಸಿ ಇಟ್ಟಿಗೆ ಎತ್ತಿದರೆ ಹಾವುರಾಣಿಯೊಂದು ಸರ್ರನೆ ಜಾರಿಹೋಯಿತು. ಬಾಲ ಮಾತ್ರ ನನ್ನ ಪೊರಕೆಯ ಕೆಳಗುಳಿದು ವಿಲವಿಲ ಹೊರಳಿತು. ಎಣ್ಣೆ ಸವರಿದಂಥ ಮೈ, ಇದ್ದೂ ಇಲ್ಲದಂಥ ಕಾಲು, ಹಾವೂ ಅಲ್ಲದ ಹಲ್ಲಿಯೂ ಅಲ್ಲದ ಆ ಹರಿದಾಟ. ಐವತ್ತರ ಹತ್ತಿರ ಬಂದರೂ ನನಗೆ ಆ ಹೇಸಿಗೆ ಹೋಗಿಲ್ಲ.

ನಾನು ಚಿಕ್ಕವಳಿದ್ದಾಗ ಕಮಲಾಪುರದ ನಮ್ಮ ತವರುಮನೆಯಲ್ಲಿ ಅವು ಬೇಕಾದಷ್ಟಿದ್ದವು. ಹಿತ್ತಲ ಬಾಳೆತೋಟದ ಒಣಎಲೆಗಳಡಿ ಸರಬರ ಸದ್ದು ಮಾಡುತ್ತ ಗೆದ್ದಲು ಹೆಕ್ಕುತ್ತಿದ್ದವು, ನೀರಿನ ಹರವಿ ಇಡುವ ಕಟ್ಟೆಯ ಸಂದಿಯಲ್ಲಿ ಬಿಳಿ ತತ್ತಿ ಇಡುತ್ತಿದ್ದವು. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದ ಅಪ್ಪನ ಅಕ್ಕ ಗಂಗತ್ತಿ ಅವನ್ನು ಓಡಿಸುತ್ತಿರಲಿಲ್ಲ. "ಕಚ್ಚಂಗಿಲ್ಲ ಏನಿಲ್ಲ. ನಿನ್ನ ಕಂಡ್ರ ಅದಕ್ಕೂ ಹೇಸಿಗಿನ, ಸರಿ ಲೇ ಆಚಿಗೆ" ಎಂದು ನಗುತ್ತಿದ್ದಳು. ಆ ತುಂಬಿದ ಮನೆಯಲ್ಲಿ ಅವಳದು ಅನ್ನುವುದು ಉಪ್ಪಿನಕಾಯಿ ಜಾಡಿಗಳಷ್ಟೇ. ಒಣ ಕೈ, ಒಣ ಸೌಟು ಇಲ್ಲದೆ ಯಾರೂ ಅವನ್ನು ಮುಟ್ಟುವಂತಿರಲಿಲ್ಲ.

ಒಂದು ಮಧ್ಯಾಹ್ನ ನಾನು ತೊಯ್ದ ಕೈ ಹಾಕಿ ಮಾವಿನ ಹೋಳು ಕದ್ದೆ. ಎಂಟು ದಿನಕ್ಕೆ ಬಿಳಿ ಬೂಷ್ಟು, ಕೊಳೆತ ನಾತ. ಯಾರು ಕೈ ಹಾಕಿದ್ದು ಎಂದು ಮನೆಯ ಯಜಮಾನಿ, ದೊಡ್ಡಪ್ಪನ ಹೆಂಡತಿ ದೊಡ್ಡವ್ವ ಕೇಳಿದಾಗ, "ಜಾಡಿಯೊಳಗಿಂದ ಹಾವುರಾಣಿ ಬಂತು, ನಾ ನೋಡೀನಿ" ಅಂದುಬಿಟ್ಟೆ. ಅದು ನೆಕ್ಕಿದ್ದೆಲ್ಲ ವಿಷ ಅಂತ ಮನೆಯವರ ನಂಬಿಕೆ.

"ಮುಚ್ಚಳ ಬಿಗಿದಿದ್ನಲ್ಲವ್ವ ನಾನು" ಎಂದಳು ಗಂಗತ್ತಿ.

"ಭಾಳ ಸಾಕಿದ್ಯಲ್ಲ ಅವನ್ನ! ಮನಿಮಂದಿಗೆ ಗುಂಡಿ ತೋಡ್ತಿದ್ದಿ. ಇನ್ಮ್ಯಾಲೆ ಜಾಡಿ ಮುಟ್ಟಬ್ಯಾಡ ತಾಯಿ" ಎಂದಳು ದೊಡ್ಡವ್ವ.

ವರ್ಷದ ಉಪ್ಪಿನಕಾಯಿ ತಿಪ್ಪೆಗೆ ಹೋಯಿತು. ಹರವಿಯ ಕಟ್ಟೆಗೆ ಕುದಿಯುವ ನೀರು ಸುರಿದರು. ನೀರಿನೊಂದಿಗೆ ಹರಿದುಬಂದ ತಾಮ್ರಬಣ್ಣದ ಮೈಗಳನ್ನು ಗಂಗತ್ತಿಯೇ ಹಳೇ ಮೊರಕ್ಕೆ ಬಳಿದಳು. ಬಳಿಯುತ್ತ ಒಮ್ಮೆ ನನ್ನ ಕೈ ನೋಡಿದಳು, ಮತ್ತೆ ಮೊರಕ್ಕೆ ಬಗ್ಗಿದಳು. ಸಾಯುವತನಕ ಅವಳು ಜಾಡಿ ಮುಟ್ಟಲಿಲ್ಲ, ನಾನು ಬಾಯಿ ಬಿಡಲಿಲ್ಲ. ಈಗ ಅಲ್ಲಿ ಮನೆಯೂ ಇಲ್ಲ, ಬಾಳೆಯೂ ಇಲ್ಲ; ಹಂಪಿ ನೋಡಲು ಬಂದವರು ಇಳಿಯುವ ಲಾಡ್ಜು ಇದೆ. ಕ್ಷಮಿಸು ಅನ್ನೋಣವೆಂದರೆ ಒಂದು ಹೊಸ್ತಿಲೂ ಉಳಿದಿಲ್ಲ.

ಇವತ್ತು ಪೊರಕೆಯಡಿಯ ಬಾಲ ಹೊರಳುವುದು ನಿಂತ ಮೇಲೆ ಮಣ್ಣು ಮುಚ್ಚಿದೆ. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ. ಹೇಸಿಗೆ ಬಾಲದ್ದಾಗಿದ್ದರೆ ಹೋಗುತ್ತಿತ್ತು. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ. ಹೊಸ ಉಪ್ಪಿನಕಾಯಿಯ ರುಚಿ ನೋಡಲು ನಮ್ಮ ಮನೆಯವರು ಜಾಡಿಗೆ ಕೈ ಚಾಚಿದರು. "ಕೈ ತೊಯ್ದಾವ, ಒರಿಸ್ಕೊಳ್ರಿ ಮೊದ್ಲ" ಅಂದೆ. ನಾನು ಹಾಕಿಕೊಳ್ಳಲಿಲ್ಲ. ಉಂಡು ಅಡ್ಡಾದಾಗ ಅವರಿಗೆ ನಿದ್ದೆ ಹತ್ತಿತು; ನಾನು ನನ್ನ ಕೈ ನೋಡಿಕೊಳ್ಳುತ್ತ ಎಚ್ಚರಿದ್ದೆ.