ಎಡಕ್ಕೆ ಬಾಲ ತಿರುಗಿಸಿದ ಮೀನು

ಬೆಳಕು ಹರಿಯುವ ಹೊತ್ತು. ರೊಸಿಯೊ ಚೌಕದ ದೀಪಗಳು ಆರುತ್ತಿವೆ. ಅರ್ಮಿಂದು ಸೆಮೆದು ಮೋಟು ಮಣೆಯ ಮೇಲೆ ನೆಲಕ್ಕೆ ಅಂಟಿದಂತೆ ಕುಳಿತಿದ್ದಾರೆ. ಎಡ ಅಂಗೈಯಲ್ಲಿ ಕಪ್ಪು ಕಲ್ಲು, ಬಲಗೈಯಲ್ಲಿ ಸುತ್ತಿಗೆ. ಎರಡೇ ಏಟಿಗೆ ಚಕ್ಕೆ ಹಾರಿ ಕಲ್ಲಿಗೊಂದು ಮುಖ ಬರುತ್ತದೆ. ಅದನ್ನು ಮರಳಿನಲ್ಲಿ ಕೂರಿಸಿ ಇನ್ನೊಂದಕ್ಕೆ ಕೈಚಾಚುತ್ತಾರೆ.

ಲಿಸ್ಬನ್ ನಗರದ ನಡುವಿನ ಕಪ್ಪು-ಬಿಳಿ ಕಲ್ಲು ಹಾಸಿ ಮೂಡಿಸಿದ ಈ ಅಲೆಗಳ ಮೇಲೆ ಊರೆಲ್ಲ ಓಡಾಡುತ್ತದೆ. ಅಲೆ ಕಟ್ಟುವವರನ್ನು ಯಾರೂ ನೋಡುವುದಿಲ್ಲ ಎಂದರೆ ಪೂರ್ತಿ ನಿಜವಾಗದು. ಬೈಯುವುದಕ್ಕಾದರೂ ನೋಡುತ್ತಾರೆ.

"ದಾರೀಲೇ ಕೂತಿದ್ದೀಯಲ್ಲ ಅಜ್ಜ, ಮನೇಲಿ ಕುರ್ಚಿ ಇಲ್ವಾ?" ಮೆಟ್ರೋಗೆ ಓಡುವವನೊಬ್ಬ ಗೊಣಗುತ್ತಾನೆ.

"ಇದೆ ಕಣಪ್ಪ, ಅದ್ರಲ್ಲಿ ನನ್ನ ಹೆಂಡ್ತಿ ಕೂತಿದ್ದಾಳೆ."

ಅರ್ಮಿಂದು ಹರೆಯದಲ್ಲಿ ಕೇಪ್ ವರ್ಡೆ ದ್ವೀಪಗಳಿಂದ ಹಡಗು ಹತ್ತಿ ಬಂದವರು. ಜೊತೆಗೆ ಗೆಳೆಯ ಲಿಸೀನಿಯು. ಒಂದೇ ಕೋಣೆ, ಒಂದೇ ಪಾತ್ರೆಯ ಜೋಳದ ಗಂಜಿ, ಒಂದೇ ಕಸುಬು. ಅಲೆಯ ಕೆಲಸವಾದರೆ ದಿನವಿಡೀ ಕೂತರೂ ಮಂಚದಗಲದ ನೆಲ ಮುಗಿದರೆ ಹೆಚ್ಚು. ಮಳೆ ಬಂದರೆ ಅದೂ ಇಲ್ಲ. ಮಂಡಿಗಳು ಎಂದೋ ಕೈಕೊಟ್ಟಿವೆ.

ಕಲ್ಲು ಹಾಸಿದವರು ನೆಲದಲ್ಲೊಂದು ಪುಟ್ಟ ಗುರುತು ಅಡಗಿಸುವುದುಂಟು. ಲಿಸೀನಿಯು ಅವರದು ಮೀನು; ಅದು ಈ ಚೌಕದಲ್ಲೇ ಇತ್ತು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಮೇಲೆ ಹೆಂಡತಿ ಎವ್ಲಾಲಿಯಾ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು, ಆ ಮೀನಿನ ಬಳಿ ತುಸು ಹೊತ್ತು ನಿಂತು ಹೋಗುತ್ತಿದ್ದರು. ಈ ವಸಂತದಲ್ಲಿ ನೆಲದಡಿಯ ನೀರಿನ ಕೊಳವೆ ಒಡೆಯಿತು. ಅಗೆದವರು ಕಲ್ಲುಗಳನ್ನೆಲ್ಲ ಒಂದೇ ರಾಶಿ ಹಾಕಿದರು. ಮೀನು ಅದರಲ್ಲಿ ಕಳೆದುಹೋಯಿತು.

ಮತ್ತೆ ಹಾಸುವವನು ತನ್ನದೇ ಗುರುತಿಡುವುದು ವಾಡಿಕೆ. ಅರ್ಮಿಂದು ಗೆಳೆಯನ ಮೀನನ್ನೇ ಕೂರಿಸಿದರು. ನೋಡಲು ಬಂದ ಎವ್ಲಾಲಿಯಾ ಬಗ್ಗಿ ನೋಡಿ, ತಲೆಯಾಡಿಸಿದರು.

"ಇದು ಅವರ ಮೀನಲ್ಲ, ಅರ್ಮಿಂದು. ನಿನ್ನದು. ಅಂಗಡೀಲಿ ಮಾರಕ್ಕಿಟ್ಟ ಹಾಗಿದೆ."

"ಅಯ್ಯೋ ದೋನಾ, ಮೀನು ಅಂದ್ರೆ ಮೀನಲ್ವಾ?" ಗೆಳೆಯನ ಹೆಂಡತಿಯನ್ನು ಅವರು ಕರೆಯುವುದು ಹಾಗೆಯೇ, 'ಅಮ್ಮಾವ್ರೇ' ಎಂಬಂತೆ.

"ಅವರದಕ್ಕೆ ಬಾಲ ಎಡಕ್ಕೆ ಸೊಟ್ಟ. ಈಜ್ತಾ ಇತ್ತು ಅದು."

ಲಿಸೀನಿಯು ಎಡಚರು. ಅವರ ಏಟಿಗೆ ಕಲ್ಲು ಸೀಳುತ್ತಿದ್ದ ಓರೆಯೇ ಬೇರೆ. ಅರ್ಮಿಂದು ಮತ್ತೆ ಮತ್ತೆ ಒಡೆದು ನೋಡಿದರು. ಬಲಗೈಗೆ ಆ ಓರೆ ಒಲಿಯಲೇ ಇಲ್ಲ.

ಇಂದು ಭಾನುವಾರ. ಕೆಲಸವಿಲ್ಲದ ದಿನವೂ ಅವರು ಬಂದಿರುವುದು ಈ ಬಾಲಕ್ಕಾಗಿಯೇ. ಸುತ್ತಿಗೆ ಎಡಗೈಗೆ ಬದಲಾಗುತ್ತದೆ. ಮೊದಲ ಪೆಟ್ಟು ಹೆಬ್ಬೆರಳಿಗೆ. ಎರಡನೆಯದಕ್ಕೆ ಕಲ್ಲು ಪುಡಿ. ಇಗರ್ಜಿಯ ಗಂಟೆ ಬಾರಿಸುವ ಹೊತ್ತಿಗೆ ಒಂದು ಕಲ್ಲು ಓರೆಯಾಗಿ ಸೀಳುತ್ತದೆ. ಅದನ್ನು ಕೂರಿಸಿ, ಮರಳು ತುಂಬಿ, ರಕ್ತ ಒರೆಸಿಕೊಳ್ಳುತ್ತಾರೆ.

ಎವ್ಲಾಲಿಯಾ ಬರುತ್ತಾರೆ. ಚಪ್ಪಲಿ ಕಳಚಿ, ಅಂಗಾಲಿನಿಂದ ಬಾಲವನ್ನು ಮುಟ್ಟಿ, ಬಹಳ ಹೊತ್ತು ನಿಲ್ಲುತ್ತಾರೆ.

"ನಿನ್ನ ಗುರುತೆಲ್ಲೋ?" ಹೊರಡುವಾಗ ಕೇಳುತ್ತಾರೆ.

ಅರ್ಮಿಂದು ಸುತ್ತಲಿನ ಅಲೆಗಳತ್ತ ಗಾಯದ ಬೆರಳು ತೋರಿಸುತ್ತಾರೆ.

"ಮೀನು ಅವನ್ದು, ದೋನಾ. ಅದು ಈಜೋ ನೀರು ನನ್ದು."