ಎಳನೀರಿನವಳು ಬಡಿದ ಕತ್ತಿ

ಮಂಡ್ಯದ ಮೂಳೆ ಡಾಕ್ಟರು ನನ್ನ ಬಲಗೈ ಮಣಿಕಟ್ಟನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಇನ್ನು ಮಚ್ಚು ಹಿಡೀಬೇಡಿ" ಅಂದರು.

"ಎಷ್ಟು ದಿನ?" ಅಂದೆ.

"ದಿನ ಅಂತಲ್ಲಮ್ಮ. ಇನ್ನು ಮೇಲೆ ಹಿಡೀಲೇಬೇಡಿ ಅಂತ."

"ಆರು ತಿಂಗಳು ಮಾಡಿ."

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಚೀಟಿ ಬರೆದು ಕೈಗೆ ಕೊಟ್ಟು, ಮುಂದಿನವರನ್ನು ಕರೆದರು. ಇಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ ಎದುರಿನವರ ಮಾತು ಮುಗಿಯಿತು ಅನ್ನುವುದು ತಿಳಿಯದೆ ಇರುತ್ತದೆಯೇ? ಎದ್ದು ಬಂದೆ. ಆದರೆ ಬರುವಾಗ ಒಂದನ್ನು ಗಮನಿಸಿಕೊಂಡೇ ಬಂದೆ. ಅವರು ಹೇಳಿದ್ದು ಮಚ್ಚು. ಬೇರೆ ಯಾವುದರ ಹೆಸರನ್ನೂ ಎತ್ತಿರಲಿಲ್ಲ.

ನನ್ನದು ಎಳನೀರು ವ್ಯಾಪಾರ. ನಿಡಘಟ್ಟದ ಹತ್ತಿರ ರಸ್ತೆ ಬದಿಯ ಮರದಡಿ ಒಂದು ರಾಶಿ ಕಾಯಿ, ಒಂದು ಮಚ್ಚು ಇಟ್ಟುಕೊಂಡು ಶುರು ಮಾಡಿದ್ದು. ಗಂಡ ತೀರಿಕೊಂಡಿದ್ದ, ಮಗ ಇನ್ನೂ ಸೊಂಟದ ಮೇಲಿದ್ದ. ಹೆಂಗಸು ಮಚ್ಚು ಬೀಸುವುದನ್ನು ನೋಡಲಿಕ್ಕೇ ಎಷ್ಟೋ ಜನ ಕಾರು ನಿಲ್ಲಿಸುತ್ತಿದ್ದರು. ನೋಡಲಿ, ನನಗೇನು. ಕುಡಿಯದೆ ಹೋಗಲು ಮಾತ್ರ ನಾನು ಬಿಡುತ್ತಿರಲಿಲ್ಲ. ಈಗ ಮದ್ದೂರು ಮಾರುಕಟ್ಟೆಯಿಂದ ಲಾರಿ ತುಂಬಿಸಿ ಕಳಿಸುತ್ತೇನೆ. ಅಂಗಡಿಯಲ್ಲಿ ಕಾಯಿ ಕೊಚ್ಚಲು ಇಬ್ಬರು ಆಳುಗಳಿದ್ದಾರೆ. ಹೊಸ ಹೆದ್ದಾರಿ ಆದ ಮೇಲೆ ಕಾರುಗಳೆಲ್ಲ ಅದರ ಮೇಲೇ ಹೋಗಿಬಿಡುತ್ತವೆ, ಹಾಗಾಗಿ ಮಧ್ಯಾಹ್ನದ ಹೊತ್ತು ನಾನು ಸುಮ್ಮನೆ ಕೂರುವುದೂ ಉಂಟು.

ಕೂರುವುದು ನನಗೆ ಬರುವುದಿಲ್ಲ. ಡಾಕ್ಟರ ಮಾತು ಮನೆಗೆ ತಲುಪಿದ ದಿನದಿಂದ ಎಲ್ಲರೂ ನನಗೆ ಅದನ್ನೇ ಕಲಿಸಲು ಹೊರಟರು. ಹಲಸಿನ ಹಣ್ಣು ಬಿಡಿಸಲು ಕತ್ತಿ ಎತ್ತಿದರೆ ಸೊಸೆ ಓಡಿ ಬರುತ್ತಿದ್ದಳು. "ನಿಮಗ್ಯಾಕತ್ತೆ, ಕೆಳಗಿಡಿ, ನಾನು ತಗೋತೀನಿ." ನಮ್ಮ ಕಡೆ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದಂತೆ. ಹಾಗಾಗಿ ನಾನು ಕೆಳಗಿಡುತ್ತಿದ್ದೆ, ಅವಳು ಎತ್ತಿಕೊಳ್ಳುತ್ತಿದ್ದಳು. ಕೆಟ್ಟವಳಲ್ಲ, ಪ್ರೀತಿಯಿಂದಲೇ ಮಾಡುತ್ತಿದ್ದಳು. ಪ್ರೀತಿಯಿಂದ ಬೇಡ ಅನ್ನುವವರ ಹತ್ತಿರ ಚೌಕಾಸಿ ಮಾಡುವುದು ಬಲು ಕಷ್ಟ ಕಣ್ರೀ.

ಚಳಿಗಾಲದಲ್ಲಿ ಎಳನೀರಿಗೆ ಗಿರಾಕಿ ಕಡಿಮೆ. ಆಗ ನಾವು ವರ್ಷಕ್ಕೊಮ್ಮೆ ಎರಡು ದಿನದ ಮಟ್ಟಿಗೆ ಶಿವನಸಮುದ್ರದ ಕೆಳಗೆ ಹೊಳೆದಂಡೆಗೆ ಹೋಗುತ್ತೇವೆ. ಟೆಂಟು ಹಾಕಿ, ಮೂರು ಕಲ್ಲಿನ ಒಲೆ ಹೂಡಿ ಅಡಿಗೆ. ಸೌದೆ ಸೀಳುವುದು, ಕಾಯಿ ಒಡೆಯುವುದು, ಕೋಳಿ ಕತ್ತರಿಸುವುದು ಯಾವಾಗಲೂ ನನ್ನ ಕೆಲಸ. ಆ ವರ್ಷ ಕಾರಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಇಳಿಸಿದರು. ಮರಳ ಮೇಲೆ ಹಾಕಿ ನನ್ನನ್ನು ಕೂರಿಸಿದರು. ಮಗ ಸೌದೆ ಸೀಳುತ್ತಿದ್ದ. ಸೀಳುತ್ತಿದ್ದ ಅನ್ನುವುದಕ್ಕಿಂತ ಸೌದೆಗೆ ಬೈಯುತ್ತಿದ್ದ ಅನ್ನಬೇಕು. ನಾನು ಎರಡು ದಿನ ಆ ಕುರ್ಚಿಯಲ್ಲಿ ನೆಂಟರ ಮನೆಗೆ ಬಂದವಳ ಹಾಗೆ ಕೂತಿದ್ದೆ. ಮುಂದಿನ ವರ್ಷ ಇದರಲ್ಲಿ ಕೂರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅದಕ್ಕೆ ನನ್ನ ಕೈಗೆ ಆಗುವಂಥ ಕತ್ತಿ ಬೇಕಿತ್ತು. ಮಚ್ಚು ಭಾರ, ಪೂರಾ ಏಟು ಮಣಿಕಟ್ಟಿಗೇ ಬೀಳುತ್ತದೆ. ಅಡಿಗೆ ಮನೆಯ ಚಾಕು ಹಗುರ, ಸೌದೆಗೆ ಆಗುವುದಿಲ್ಲ. ಫೋನಿನಲ್ಲಿ ನೋಡಿದೆ, ಕ್ಯಾಂಪಿಗೆಂದೇ ಒಯ್ಯುವ ಕತ್ತಿಗಳಿವೆ. ಮೊಳಕ್ಕಿಂತ ಸ್ವಲ್ಪ ಗಿಡ್ಡ, ಬೆನ್ನು ದಪ್ಪ, ಮೂತಿಯ ಕಡೆ ತೂಕ. ಎತ್ತಿದರೆ ಸಾಕು, ಬೀಳುವುದನ್ನು ಅದೇ ನೋಡಿಕೊಳ್ಳುತ್ತದೆ. ಅಂಗಡಿಯವುಗಳನ್ನು ಹಿಡಿದು ನೋಡಿದೆ. ಪಿಡಿಗಳೆಲ್ಲ ಗಂಡಸರ ಅಂಗೈಗೆ ಮಾಡಿದವು. ಸರಿ, ನಾನೇ ಮಾಡುತ್ತೇನೆ ಅಂದೆ. ಮಗ, "ಅಮ್ಮ, ಮಾಡೋದಾ?" ಅಂದ. ಸೊಸೆ ಗಂಡನ ಮುಖ ನೋಡಿದಳು.

ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕುಲುಮೆ ಇದೆ. ಕುಡುಗೋಲು, ಮಚ್ಚು ತಟ್ಟುವ ಆಚಾರ್ರು. ನನ್ನ ಮಚ್ಚುಗಳೆಲ್ಲ ಅವರ ಕೈಯವೇ.

"ಮಾಡಿಸ್ಕಂಡು ಓಗಮ್ಮ, ಒಂದು ಬೆಳಗಿನ ಕೆಲ್ಸ" ಅಂದರು.

"ಮಾಡಿಸ್ಕಳಕ್ಕೆ ಬಂದಿಲ್ಲ ಆಚಾರ್ರೆ. ಮಾಡಕ್ಕೆ ಬಂದಿದೀನಿ."

"ಈ ವಯಸ್ನಲ್ಲಿ?"

"ನಿಮಗೆಷ್ಟು?"

"ಅರವತ್ತೆಂಟು."

"ಅಂಗಾದ್ರೆ ನಾನಿನ್ನೂ ಚಿಕ್ಕೋಳು, ಬುಡಿ."

ಅವರು ಕೆಮ್ಮಿ ಕೆಮ್ಮಿ ನಕ್ಕರು. ವಾರಕ್ಕೆ ಎರಡು ಮಧ್ಯಾಹ್ನ ಬರುವುದು, ಬರುವಾಗಲೆಲ್ಲ ಒಂದು ಚೀಲ ಎಳನೀರು ತರುವುದು, ಅವರು ಹೇಳದೆ ಏನನ್ನೂ ಬಡಿಯದೆ ಇರುವುದು. ಇಷ್ಟಕ್ಕೆ ಒಪ್ಪಂದವಾಯಿತು. "ಲಾರಿ ಪಟ್ಟಿ ತಗಂಡ್ಬಾ. ಬಡಿದು ನೋಡಿ ತಗೊ" ಅಂದರು. ಬಡಿದು ನೋಡುವುದನ್ನು ನನಗೆ ಹೇಳಿಕೊಡಬೇಕೇ? ದಿನಕ್ಕೆ ಸಾವಿರ ಕಾಯಿ ಬಡಿದು ನೋಡಿದ ಕೈ ಇದು.

ಲಾರಿಯ ಚಕ್ರದ ಮೇಲೆ ಭಾರ ಹೊರಲು ಬಾಗಿದ ಉಕ್ಕಿನ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಹಳೆಯವು ಮದ್ದೂರಿನ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಅಂಗಡಿಯ ಸಾಬರಿಗೆ ನಾನು ಹಳೇ ಗಿರಾಕಿ. ಅಲ್ಲೇ ಬಿದ್ದಿದ್ದ ಕಬ್ಬಿಣದ ತುಂಡಿನಿಂದ ಒಂದೊಂದೇ ಪಟ್ಟಿ ಬಡಿಯುತ್ತ ಹೋದೆ. ಎಲ್ಲವೂ ಟಣ್ ಟಣ್ ಅಂದವು. ಒಂದು ಮಾತ್ರ ದಬ್ ಅಂತು. ಅದನ್ನು ಎತ್ತಿಕೊಂಡೆ.

"ಅಕ್ಕಾ, ಅದು..." ಅಂದರು ಸಾಬರು.

"ಸುಮ್ನಿರಿ ಸಾಬ್ರೆ, ನಾನು ಆರಿಸ್ದೆ ಅಂತ ರೇಟು ಏರಿಸ್ಬೇಡಿ."

"ರೇಟಲ್ಲ ಅಕ್ಕಾ, ಅದ್ರಲ್ಲಿ..."

"ಒಂದೇ ಮಾತು. ಕೊಡ್ತೀರೋ ಇಲ್ವೋ?"

ಕೊಟ್ಟರು. ಕೇಳಿದ್ದರ ಅರ್ಧಕ್ಕೆ. ಬಸ್ಸಿನಲ್ಲಿ ಗೋಣಿ ಸುತ್ತಿದ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು, ಕಂಡಕ್ಟರ್ ಇದೇನು ಅಂತ ಕೇಳಲಿ, ಗೆದ್ದ ಕಥೆ ಹೇಳೋಣ ಅಂತ ದಾರಿಯುದ್ದಕ್ಕೂ ಕಾದೆ. ಅವನು ಕೇಳಲಿಲ್ಲ.

"ಬಡಿದು ನೋಡಿದ್ಯಾ?" ಅಂದರು ಆಚಾರ್ರು.

"ಎಲ್ಲಾನೂ ನೋಡಿ ಇದನ್ನ ಆರ್ಸಿದೀನಿ."

ಅವರು ಕೈ ಕೆಲಸದಲ್ಲಿದ್ದರು, ತಲೆಯಾಡಿಸಿದರು. ಆಮೇಲೆ ಮೂರು ವಾರ ನಡೆದದ್ದನ್ನು ನನ್ನ ಮೈ ಇನ್ನೂ ಮರೆತಿಲ್ಲ. ಬಾಗಿದ್ದ ಪಟ್ಟಿಯನ್ನು ಕಾಯಿಸಿ ನೆಟ್ಟಗೆ ಮಾಡಲು ಅವರೇ ದೊಡ್ಡ ಸುತ್ತಿಗೆ ಹಾಕಿದರು, ಅದನ್ನು ಮುಚ್ಚಿಡುವುದಿಲ್ಲ. ಉಳಿದದ್ದು ನನ್ನದು. ಬಲಗೈಯಲ್ಲಿ ಇಕ್ಕಳ, ಎಡಗೈಯಲ್ಲಿ ಸುತ್ತಿಗೆ. ಮೊದಲ ದಿನ ಹತ್ತು ಏಟಿನಲ್ಲಿ ಎರಡು, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೇ ಬೀಳುತ್ತಿದ್ದವು. "ಅಡಿಗಲ್ಲು ನಂದು ಕಣಮ್ಮ, ಅದನ್ನ ಕತ್ತಿ ಮಾಡ್ಬೇಡ" ಅನ್ನುತ್ತಿದ್ದರು. ಎರಡನೆಯ ವಾರಕ್ಕೆ ಎಡಗೈಗೆ ಬುದ್ಧಿ ಬಂತು. ಯಾರಾದರೂ ಈ ಹುಚ್ಚು ಹಚ್ಚಿಕೊಳ್ಳುವುದಾದರೆ ನನ್ನ ಮಾತು ಕೇಳಿ: ನೈಲಾನ್ ಸೀರೆ ಉಟ್ಟು ಕುಲುಮೆಗೆ ಹೋಗಬೇಡಿ. ಮತ್ತೆ, ಅರ ಹಾಕಿ ಉಜ್ಜುವಾಗ ಅವಸರ ಮಾಡಬೇಡಿ, ಸವೆದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ.

ಆಕಾರ ಬಂದ ಮೇಲೆ ಅದಕ್ಕೆ ಗಡಸು ಕೊಡಬೇಕು. ಕೆಂಪಗೆ ಕಾಯಿಸಿ, ಹಳೇ ಸ್ಪೀಕರಿನ ಅಯಸ್ಕಾಂತ ಹತ್ತಿರ ಹಿಡಿದರೆ ಅಂಟಬಾರದು, ಅದೇ ಹದ. ಕುಡುಗೋಲಾದರೆ ನೀರಿಗೆ ಅದ್ದುತ್ತಾರೆ. ಇದು ಉಕ್ಕು, ನೀರಿನ ತಂಪು ತಡೆಯುವುದಿಲ್ಲ ಎಂದು ಆಚಾರ್ರು ಹೊಂಗೆ ಎಣ್ಣೆ ಬೆಚ್ಚಗೆ ಮಾಡಿಸಿದರು. ನಾನು ಉಸಿರು ಹಿಡಿದು ಅದ್ದಿದೆ. ಹೊಗೆ ಎದ್ದಿತು. ಹೊಗೆಯೊಳಗಿಂದ ಟಿಕ್ ಅಂತ ಒಂದು ಸಣ್ಣ ಸದ್ದು ಬಂತು.

ಆಚಾರ್ರು ಬೀಡಿ ಬಾಯಿಂದ ತೆಗೆದರು.

ಹೊರಗೆ ತೆಗೆದು ನೋಡಿದರೆ ಅಂಚಿನಿಂದ ಬೆನ್ನಿನವರೆಗೆ ಕೂದಲೆಳೆಯಂಥ ಗೆರೆ. ಅಡಿಗಲ್ಲಿಗೆ ಮೆಲ್ಲಗೆ ತಾಗಿಸಿದರು, ಎರಡು ತುಂಡಾಯಿತು. ಮುರಿದ ಬಾಯಿಯಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು. ಕಪ್ಪಗಿದ್ದದ್ದು ಹಳೇ ಬಿರುಕು. ಲಾರಿಯಲ್ಲಿದ್ದಾಗಲೇ ಆದದ್ದು.

"ಬಡಿದಾಗ ಎಂಗೆ ಕೂಗ್ತು ಇದು?"

"ದಬ್ ಅಂತು."

"ದಬ್ ಅಂದಿದ್ದನ್ನ ಯಾಕಮ್ಮ ತಂದೆ?"

ಎಳನೀರಿನ ಕಾಯಿ ಬಡಿದಾಗ ದಬ್ ಅಂದರೆ ಒಳಗೆ ನೀರು ತುಂಬಿದೆ ಅಂತ. ಟಣ್ ಅಂದರೆ ಬಲಿತಿದೆ, ನೀರು ಕಡಿಮೆ, ಬಿಡು ಅಂತ. ಇಪ್ಪತ್ತೈದು ವರ್ಷ ನನ್ನ ಕಿವಿ ದಬ್ ಅನ್ನುವುದನ್ನೇ ಹುಡುಕಿ ಹುಡುಕಿ ಎತ್ತಿದೆ. ಕಬ್ಬಿಣದ ರಾಶಿಯಲ್ಲೂ ಅದನ್ನೇ ಎತ್ತಿತು. ವಿಷಯ ಹೇಳಿದೆ. ಆಚಾರ್ರು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲಾರಿ ರಾಶೀಲಿ ಎಳನೀರು ಆರಿಸ್ಕಂಡು ಬಂದವ್ಳೆ!" ಅಂತ ಪಕ್ಕದ ಟೀ ಅಂಗಡಿಗೂ ಕೇಳುವ ಹಾಗೆ ಕೂಗಿದರು.

ನಕ್ಕು ಮುಗಿದ ಮೇಲೆ ಮೆತ್ತಗಾದರು. "ಓಗ್ಲಿ ಬುಡು ತಾಯಿ. ನಾನೇ ಒಂದು ಬಡಿದಿಡ್ತೀನಿ. ಪಿಡಿ ನೀನು ಹಾಕ್ಕೊ. ನೀನೇ ಮಾಡ್ದೆ ಅನ್ನು, ಯಾರ್ ಕೇಳ್ತಾರೆ?"

"ನಾನು ಕೇಳ್ತೀನಿ" ಅಂದೆ. "ಇನ್ನೊಂದು ಪಟ್ಟಿ ತತ್ತೀನಿ."

ಮನೆಯಲ್ಲಿ ವಿಷಯ ತಿಳಿದು ಮಗ, "ಸಾಕು ಬಿಡಮ್ಮ, ಮಾಡಿ ನೋಡಿದೆಯಲ್ಲ" ಅಂದ. ಸೊಸೆ ನನ್ನ ಮಣಿಕಟ್ಟಿಗೆ ಎಣ್ಣೆ ತಿಕ್ಕಿದಳು. ನನ್ನ ಕಣ್ಣಿಗೆ ಹೊಳೆದಂಡೆಯ ಪ್ಲಾಸ್ಟಿಕ್ ಕುರ್ಚಿ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ಸೀದಾ ಗುಜರಿ ಅಂಗಡಿಗೆ ಹೋದೆ.

"ಬಿರುಕು ಬಿಟ್ಟಿದೆ ಅಂತ ಯಾಕೆ ಹೇಳಲಿಲ್ಲ ಸಾಬ್ರೆ?"

"ಎರಡು ಸಲ ಬಾಯಿ ತೆಗ್ದೆ ಅಕ್ಕಾ. ಎರಡು ಸಲಾನೂ ನೀವೇ ಮುಚ್ಚಿಸಿದ್ರಿ."

ಅದು ನಿಜ. ನಿಜವಾದದ್ದಕ್ಕೆ ಎದುರು ಮಾತಾಡಿ ಹೊತ್ತು ಕಳೆಯಬಾರದು. ಅವರು ಒಂದು ತಂತಿ ತಂದರು. ಒಂದೊಂದು ಪಟ್ಟಿಯನ್ನೂ ತಂತಿಯಲ್ಲಿ ತೂಗುಹಾಕಿ ಬಡಿದೆವು. ಒಂದು ಪಟ್ಟಿ ಗುಡಿಯ ಗಂಟೆಯಂತೆ ಕೂಗಿತು, ಸದ್ದು ಅಡಗಲು ಬಹಳ ಹೊತ್ತು ಹಿಡಿಯಿತು. ನನ್ನ ಕಿವಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ, ಆದ್ದರಿಂದ ಅದನ್ನೇ ತೆಗೆದುಕೊಂಡೆ. ಈ ಸಲ ಚೌಕಾಸಿ ಮಾಡಲಿಲ್ಲ ಅಂದುಕೊಳ್ಳಬೇಡಿ. ಮಾಡಿದೆ. ಸಾಬರು ಹೇಳುವುದನ್ನೆಲ್ಲ ಹೇಳಿ ಮುಗಿಸಲಿ ಅಂತ ಕಾದು, ಆಮೇಲೆ ಮಾಡಿದೆ. ವ್ಯಾಪಾರಕ್ಕೆ ಇಳಿಯುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನನಗೆ ಇದು ತಿಳಿಯಲು ಒಂದು ಕತ್ತಿ ಮುರಿಯಬೇಕಾಯಿತು.

ಎರಡನೆಯ ಕತ್ತಿಗೆ ದೊಡ್ಡ ಸುತ್ತಿಗೆಯನ್ನೂ ನಾನೇ ಹಾಕಿದೆ, ಸಾವಕಾಶವಾಗಿ, ಎಡಗೈಯಲ್ಲೇ. ಎಣ್ಣೆಗೆ ಅದ್ದಿದಾಗ ಆಚಾರ್ರೂ ನಾನೂ ಕಿವಿಗೊಟ್ಟು ನಿಂತೆವು. ಬುಳಬುಳ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ, ಬಿದ್ದರೆ ಚೂರಾಗದಷ್ಟು ಗಡಸು ಇಳಿಯಲಿ ಅಂತ, ಕಾದ ಕಬ್ಬಿಣದ ಹಲಗೆಯ ಮೇಲಿಟ್ಟು ಒಣಹುಲ್ಲಿನ ಬಣ್ಣ ತಿರುಗುವವರೆಗೆ ಕಾಯಿಸಿದೆವು. ಪಿಡಿಗೆ ಸೀಬೆ ಮರ. ಹಸಿ ಮಣ್ಣಿನ ಮುದ್ದೆಯನ್ನು ಕೈಯಲ್ಲಿ ಹಿಸುಕಿ ಅಚ್ಚು ತೆಗೆದು, ಅದನ್ನು ನೋಡಿಕೊಂಡು ಕೆತ್ತಿದೆ. ಕತ್ತಿ ನೋಡಲು ಸ್ವಲ್ಪ ಸೊಟ್ಟಗಿದೆ. ಆಚಾರ್ರು ಹಿಡಿದು ನೋಡಿ, "ನನ್ನ ಕೈಗೆ ಕೂರಲ್ಲ" ಅಂದರು. ಕೂರಬಾರದೆಂದೇ ಮಾಡಿದ್ದು.

ಚಳಿಗಾಲಕ್ಕೆ ಹೊಳೆದಂಡೆಗೆ ಹೋದೆವು. ಕಾರಿನಿಂದ ಮೊದಲು ಇಳಿದದ್ದು ಕುರ್ಚಿ. ನಾನು ಅದರ ಮೇಲೆ ಅಕ್ಕಿ ಚೀಲ ಇಟ್ಟೆ.

ಸೌದೆಯ ತಲೆಯ ಮೇಲೆ ಕತ್ತಿ ಇಟ್ಟು, ಬೆನ್ನಿಗೆ ಒಂದು ಕೊರಡಿನಿಂದ ಎಡಗೈಯಲ್ಲಿ ಹೊಡೆದೆ. ಸೀಳಿಕೊಂಡು ಹೋಯಿತು. ಬಲ ಮಣಿಕಟ್ಟಿಗೆ ಹಿಡಿದುಕೊಳ್ಳುವ ಕೆಲಸ ಬಿಟ್ಟರೆ ಬೇರೆ ಇರಲಿಲ್ಲ. ಮಗ ಬೈಯಲು ಸೌದೆ ಉಳಿಯಲಿಲ್ಲ. ಈರುಳ್ಳಿ ಹೆಚ್ಚಿದೆ, ಕೋಳಿ ಕತ್ತರಿಸಿದೆ. ಎಳನೀರು ಕೊಚ್ಚಲು ಕೂತೆ. ಹಿಂದೆ ಒಂದು ಕಾಯಿಗೆ ಮೂರು ಏಟು ಸಾಕಾಗಿತ್ತು, ಈಗ ಆರು ಬೇಕಾಯಿತು. ಆರಾದರೆ ಆರು. ನಾಲ್ಕನೆಯ ಕಾಯಿಗೆ ಮಣಿಕಟ್ಟಿನಲ್ಲಿ ಚುಳಕ್ ಅಂದಿತು. ಮುಖ ತಿರುಗಿಸಿಕೊಂಡೆ, ಆದರೂ ಸೊಸೆ ನೋಡಿಬಿಟ್ಟಳು.

"ನೋವಾಯ್ತಾ ಅತ್ತೆ?"

"ಆಯ್ತು."

"ಕೆಳಗಿಡಿ, ನಾನು ತಗೋತೀನಿ."

ಕೈ ಚಾಚಿದವಳು ಅಭ್ಯಾಸದಂತೆ ಹಿಂದಕ್ಕೆ ಎಳೆದುಕೊಂಡು, ನನ್ನ ಮುಂದಿದ್ದ ಕಲ್ಲನ್ನೇ ನೋಡುತ್ತ ನಿಂತಳು. ನಾನು ಅಲ್ಲಿ ಇಡುತ್ತೇನೆ, ಅವಳು ಎತ್ತಿಕೊಳ್ಳುತ್ತಾಳೆ. ಕಳೆದ ಒಂದು ವರ್ಷ ಹಾಗೇ ನಡೆದಿತ್ತು. ಅವಳು ಕಾದಳು. ಕತ್ತಿ ನನ್ನ ಕೈಯಲ್ಲೇ ಇತ್ತು.

"ಇನ್ನೊಂದು ಕಾಯಿ ಎತ್ತಿಕೊಡವ್ವ" ಅಂದೆ.

ಅವಳು ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಕಾಯಿಯನ್ನು ಕೈಯಿಂದ ಕೈಗೆ ಕೊಡಬಹುದು. ರಾಶಿಗೆ ಬಗ್ಗಿ, ಒಂದೆರಡನ್ನು ಬೆರಳಲ್ಲಿ ಬಡಿದು, ದಬ್ ಅಂದದ್ದನ್ನು ಆರಿಸಿ ನನ್ನ ಎಡಗೈಗೆ ಕೊಟ್ಟಳು.